ಪಡಸಾಲೆಯ ಗಣಕಯಂತ್ರ: ಯೋಗವೂ ಕ್ಷೇಮವೂ

ಮನುಷ್ಯನು ಹಗಲೆಲ್ಲ ದುಡಿದು ಸಂಜೆಗೆ ಮನೆ ಸೇರಿದ ಮೇಲೆ ಅವನಿಗೆ ಅನ್ನದಷ್ಟೇ ಅಗತ್ಯವಾದದ್ದು ಇನ್ನೊಂದುಂಟು. ಅದು ನಿರ್ದೋಷವಾದ ವಿನೋದವು. ನಮ್ಮ ಪೂರ್ವಿಕರು ಇದನ್ನು ಹಗುರಾಗಿ ಎಣಿಸಿದವರಲ್ಲ. ನಮ್ಮ ನಾರಾಯಣಪುರಕ್ಕೆ ನೆರೆಯದಾದ ಕಲ್ಯಾಣದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ, ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳಿವೆ. ರಾಜ್ಯವನ್ನು ಗಳಿಸುವ ಬಗೆಯನ್ನೂ ಅದನ್ನು ಸ್ಥಿರಪಡಿಸುವ ಬಗೆಯನ್ನೂ ಹೇಳಿದ ಆ ಅರಸನು ಗೀತ, ವಾದ್ಯ, ನೃತ್ಯ, ಕಥೆಗಳ ವಿನೋದವನ್ನೂ ಅದೇ ಗ್ರಂಥದಲ್ಲಿ ಆದರದಿಂದ ವಿವರಿಸಿರುವನು. ಆದರೆ ಅರಸನ ವಿನೋದಕ್ಕೆ ಬೊಕ್ಕಸವಿತ್ತು. ನಿವೃತ್ತನಾದ ಶಾಲಾಮಾಸ್ತರನ ವಿನೋದಕ್ಕೆ ಪಿಂಚಣಿಯೊಂದೇ ಆಧಾರವು. ಆದಕಾರಣ ಅಲ್ಪ ವೆಚ್ಚದಲ್ಲಿ ಮನೆಯ ಪಡಸಾಲೆಯನ್ನೇ ಚಿತ್ರಮಂದಿರವನ್ನಾಗಿ ಮಾಡಿಕೊಳ್ಳಲು ನಾವು ಮಾಡಿದ ಪ್ರಯತ್ನವನ್ನೂ, ಅದರಲ್ಲಿ ನಮ್ಮಿಂದ ಘಟಿಸಿದ ಒಂದು ದೊಡ್ಡ ತಪ್ಪನ್ನೂ ಈ ತಿಂಗಳು ವಾಚಕರ ಮುಂದಿಡುತ್ತೇವೆ.

ನಾವು ಹತ್ತು ವರ್ಷದ ಹುಡುಗರಾಗಿದ್ದಾಗ ಗುಲಬರ್ಗಾ ಜಿಲ್ಲೆಯ ಸೋದರಮಾವನ ಊರಿನಲ್ಲಿ ಮೊದಲ ಸಲ ದೂರದರ್ಶನವನ್ನು ಕಂಡೆವು. 1975ರ ಆಗಸ್ಟದಿಂದ 1976ರ ಜುಲೈವರೆಗೆ ನಮ್ಮ ದೇಶದ ಬಾಹ್ಯಾಕಾಶ ಸಂಸ್ಥೆಯು ಅಮೇರಿಕೆಯ ಉಪಗ್ರಹವೊಂದನ್ನು ಬಳಸಿಕೊಂಡು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಚಿತ್ರಗಳನ್ನು ಕಳುಹಿಸಿತು; ಕರ್ನಾಟಕದ ಪಾಲಿಗೆ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ಉಪಗ್ರಹದ ಸಂಜ್ಞೆಯನ್ನು ಹಿಡಿಯುವ ಹತ್ತು ಅಡಿಯ ತಟ್ಟೆಯನ್ನು ಕೋಳಿಗೂಡಿಗೆ ಬಳಸುವಂಥ ತಂತಿಯ ಬಲೆಯಿಂದ ಮಾಡಿದ್ದರು! ಅಗ್ಗದ ವಸ್ತುವಿನಿಂದ ದೊಡ್ಡ ಕಾರ್ಯವು ಸಾಧ್ಯವೆಂಬುದಕ್ಕೆ ಅದಕ್ಕಿಂತ ಉತ್ತಮ ನಿದರ್ಶನವನ್ನು ನಾವು ಇಂದಿಗೂ ಕಂಡಿಲ್ಲ. ಆಗ ಒಂದು ಪೆಟ್ಟಿಗೆಯ ಮುಂದೆ ಊರೆಲ್ಲ ಕುಳಿತಿತ್ತು. ಈಗಲೋ ಒಂದು ಮನೆಯಲ್ಲಿ ಐದು ಪೆಟ್ಟಿಗೆಗಳು. ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಕೈಯಗಲದ ಫೋನನ್ನು ಹಿಡಿದು ತಮ್ಮಷ್ಟಕ್ಕೆ ತಾವು ನಗುವದು, ತಮ್ಮಷ್ಟಕ್ಕೆ ತಾವು ಕಣ್ಣೊರಸಿಕೊಳ್ಳುವದು. ಪಡಸಾಲೆಯು ದೇವರಿಲ್ಲದ ಗುಡಿಯಂತೆ ಬರಿದಾಗಿತ್ತು.

ಇದನ್ನು ಕಂಡು ನಮ್ಮ ಗೃಹಿಣಿಯವರು ಒಂದು ದಿನ, “ಎಲ್ಲಾರೂ ಕೂಡಿ ನೋಡೂ ಹಂಗ ಏನರೆ ಮಾಡ್ರಿ. ಈ ಸಣ್ಣ ಫೋನಿನಾಗ ನನಗ ಅಕ್ಷರನೂ ಕಾಣಂಗಿಲ್ಲ, ಮಾರಿನೂ ಕಾಣಂಗಿಲ್ಲ,” ಎಂದರು. ಮನೆಯಲ್ಲಿ 32 ಅಂಗುಲದ ಹಳೆಯ ಟಿ.ವಿ. ಇತ್ತು, ಅದಕ್ಕೆ ಅಂತರ್ಜಾಲದ ಅನುಕೂಲವಿರಲಿಲ್ಲ. ಅಂಗಡಿಯಲ್ಲಿ ವಿಚಾರಿಸಲು, ಹೊಸ ಟಿ.ವಿ., ಆರು ಧ್ವನಿಪೆಟ್ಟಿಗೆಗಳು, ಇವೆಲ್ಲ ಸೇರಿ ಅರವತ್ತು ಸಾವಿರ ರೂಪಾಯಿಗಳ ಪಟ್ಟಿಯನ್ನು ಕೊಟ್ಟರು. ನಾವು ಪಟ್ಟಿಯನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ಸುಮ್ಮನೆ ಮನೆಗೆ ಬಂದೆವು.

ನಮ್ಮ ತೀರಿಹೋದ ಅಕ್ಕನ ಮೊಮ್ಮಗನು ನಮ್ಮ ಮನೆಯಲ್ಲಿದ್ದುಕೊಂಡು ಕಾಲೇಜು ಓದುತ್ತಿರುವನು. ಅವನು ಪಟ್ಟಿಯನ್ನು ನೋಡಿ ನಕ್ಕು, “ಮುತ್ಯಾ, ಇಷ್ಟ ರೊಕ್ಕ ಯಾಕ ಹಾಳ ಮಾಡ್ತೀರಿ? ಆಫೀಸಿನವರು ತೆಗೆದ ಹಾಕಿದ ಸಣ್ಣ ಕಂಪ್ಯೂಟರ ಸಿಗ್ತಾವ. ಒಂದು ತಂದು ಈ ಟಿ.ವಿ.ಗೇ ಜೋಡಿಸಿದರ ಎಲ್ಲಾ ಆಗ್ತದ,” ಎಂದನು. ನಾವು ಮೂವತ್ತು ವರ್ಷ ಹುಡುಗರಿಗೆ ಪಾಠ ಹೇಳಿದವರು. ಹುಡುಗನಿಂದ ಪಾಠ ಕೇಳುವದರಲ್ಲಿ ನಾಚಿಕೆಯೇನು?

ಅವನು ತಿಳಿಸಿದ ಮೊದಲನೆಯ ಮಾತು ಇದು. ಚಿತ್ರವನ್ನು ತೋರಿಸುವ ಗಣಕಯಂತ್ರಕ್ಕೆ ಬಹಳ ಬಲವು ಬೇಕಿಲ್ಲ; ಒಂದು ವಿಶೇಷ ಗುಣ ಮಾತ್ರ ಬೇಕು. ಅದು ಯಾವದೆಂಬುದನ್ನು ನಾವು ಕರಿಹಲಗೆಯ ಲೆಕ್ಕದಿಂದ ಅರಿತುಕೊಂಡೆವು. ಪೂರ್ಣ ಸ್ಪಷ್ಟತೆಯ ಒಂದು ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಎಂದರೆ ಒಟ್ಟು 20,73,600 ಬಿಂದುಗಳಿರುತ್ತವೆ. ಒಂದೊಂದು ಬಿಂದುವಿಗೆ ಮೂರು ಬಣ್ಣಗಳ ಮೂರು ಬೈಟುಗಳಂತೆ ಹಿಡಿದರೆ ಒಂದು ಚಿತ್ರಕ್ಕೆ 62 ಲಕ್ಷ ಬೈಟುಗಳಾದವು. ಸೆಕೆಂಡಿಗೆ 24 ಚಿತ್ರಗಳಂತೆ ಒಂದು ತಾಸಿಗೆ ಸುಮಾರು 537 ಗಿಗಾಬೈಟು! ಇಷ್ಟನ್ನು ಯಾರು ಹೊತ್ತಾರು? ಆದುದರಿಂದ ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಇರುವ ವ್ಯತ್ಯಾಸವನ್ನೇ ಮುಖ್ಯವಾಗಿ ಬರೆದಿಟ್ಟು, ಕಣ್ಣಿಗೆ ಹೊಳೆಯದ ಸೂಕ್ಷ್ಮವನ್ನು ಕೈಬಿಟ್ಟು, ಇಡೀ ಚಲನಚಿತ್ರವನ್ನು ಎರಡು ಮೂರು ಗಿಗಾಬೈಟಿಗೆ ಇಳಿಸುತ್ತಾರೆ. ಪಾಣಿನಿಯ ಸೂತ್ರಗಳನ್ನು ಓದಿದವರಿಗೆ ಈ ಉಪಾಯವು ಹೊಸದೇನೂ ಅಲ್ಲ. ಹಿಂದಿನ ಸೂತ್ರದಿಂದ ಅನುವೃತ್ತಿಯಾಗಿ ಬರುವ ಪದವನ್ನು ಅಲ್ಲಿ ಮತ್ತೆ ಹೇಳುವದಿಲ್ಲ. ಆದರೆ ಸೂತ್ರಕ್ಕೆ ವೃತ್ತಿಕಾರನು ಬೇಕಾಗುವಂತೆ, ಮಡಿಚಿಟ್ಟ ಚಿತ್ರವನ್ನು ಕ್ಷಣಕ್ಷಣಕ್ಕೂ ಬಿಡಿಸಿ ತೋರಿಸುವ ಅಂಗವೊಂದು ಯಂತ್ರದಲ್ಲಿರಬೇಕು. 2003ರಲ್ಲಿ ಬಂದ ಎಚ್.264 ಎಂಬ ಪದ್ಧತಿಯನ್ನು ಹಳೆಯ ಯಂತ್ರಗಳೂ ಬಿಡಿಸಬಲ್ಲವು. 2013ರಲ್ಲಿ ಬಂದ ಎಚ್.265 ಎಂಬುದನ್ನು ಸರಾಗವಾಗಿ ಬಿಡಿಸುವ ಅಂಗವು ಇಂಟೆಲ್ ಕಂಪನಿಯ ಯಂತ್ರಹೃದಯಗಳಲ್ಲಿ 2015ರ ಆರನೆಯ ಪೀಳಿಗೆಯಿಂದ ಈಚೆಗೆ ಉಂಟು. ಏಳನೆಯ ಪೀಳಿಗೆಯಾದರೆ ಇನ್ನೂ ಉತ್ತಮವು. ಈ ಅಂಗವಿಲ್ಲದ ಯಂತ್ರವು ಎಷ್ಟೇ ದೊಡ್ಡದಿದ್ದರೂ ಏದುಸಿರು ಬಿಡುವದು; ಚಿತ್ರವು ಕುಂಟುವದು.

ಹುಡುಗನು ಸಿಕಂದರಾಬಾದಿನ ಪಾರ್ಕ್‌ಲೇನಿನ ಕಂಪ್ಯೂಟರ ಪೇಟೆಗೆ ಹೋಗಿ, ಯಾವುದೋ ಕಚೇರಿಯಲ್ಲಿ ಸೇವೆ ಮುಗಿಸಿ ಬಂದಿದ್ದ, ದಪ್ಪ ಶಬ್ದಕೋಶದಷ್ಟು ಗಾತ್ರದ ಪೆಟ್ಟಿಗೆಯೊಂದನ್ನು 8,500 ರೂಪಾಯಿಗೆ ತಂದನು. (ನಮ್ಮಂತೆ ಅದೂ ನಿವೃತ್ತವೇ, ಆದಕಾರಣ ನಮಗೆ ಅದರ ಮೇಲೆ ಸಹಜವಾಗಿಯೇ ಮಮತೆಯುಂಟಾಯಿತು.) ಅದರೊಳಗೆ 8 ಗಿಗಾಬೈಟಿನ ಸ್ಮರಣೆಯಿತ್ತು. ಬೇಗನೆ ಎಚ್ಚರಾಗಲೆಂದು 128 ಗಿಗಾಬೈಟಿನ ಸಣ್ಣದೊಂದು ಹೊಸ ಎಸ್.ಎಸ್.ಡಿ.ಯನ್ನು ಹಾಕಿಸಿದೆವು. ದೂರದಿಂದ ನಡೆಸಲು ತಂತಿಯಿಲ್ಲದ ಪುಟ್ಟ ಕೀಲಿಮಣೆ, ಟಿ.ವಿ.ಗೆ ಜೋಡಿಸಲು ಎಚ್.ಡಿ.ಎಂ.ಐ. ತಂತಿ, ಇವು ಸೇರಿ ಒಟ್ಟು ವೆಚ್ಚವು ಹನ್ನೊಂದು ಸಾವಿರದೊಳಗೆ ಮುಗಿಯಿತು. ಚಿತ್ರವನ್ನೂ ಧ್ವನಿಯನ್ನೂ ಒಂದೇ ತಂತಿಯು ಒಯ್ಯುವದರಿಂದ ಗೋಜಿಲ್ಲ. ಲಿನಕ್ಸ್ ಆಧಾರದ ‘ಲಿಬ್ರೆಎಲೆಕ್’ ಎಂಬ ವ್ಯವಸ್ಥೆಯನ್ನೂ, ಅದರೊಳಗೆ ನಡೆಯುವ ‘ಕೋಡಿ’ ಎಂಬ ಚಿತ್ರಪ್ರದರ್ಶಕವನ್ನೂ ಹಾಕಿದನು; ಇವೆರಡೂ ಬೆಲೆಯಿಲ್ಲದೆ ದೊರೆಯುತ್ತವೆ. ಗುಂಡಿಯೊತ್ತಿದರೆ ನಿಮಿಷದೊಳಗೆ ಚಿತ್ರಗಳ ಪಟ್ಟಿಯು ಎದುರಿಗೆ ಬರುವದು.

ಇದಕ್ಕಿಂತ ಸಣ್ಣದಾದ, ಅಂಗೈಯಲ್ಲಿ ಹಿಡಿಯುವ ‘ರಾಸ್ಪ್‌ಬೆರಿ ಪೈ’ ಎಂಬ ಹಲಗೆಯು 2012ರಿಂದ ಪೇಟೆಯಲ್ಲುಂಟು. ಅದು ಟಿ.ವಿ.ಯ ರಿಮೋಟಿನ ಮಾತನ್ನೇ ಕೇಳುವದು. ಇದು ಅದರ ಹೆಚ್ಚಳವು. ಆದರೆ ಕವಚ, ವಿದ್ಯುತ್ತಿನ ಪೂರಕ, ಸ್ಮರಣೆಯ ಚೀಟಿ ಇವುಗಳನ್ನು ಕೂಡಿಸಿದರೆ ವೆಚ್ಚದಲ್ಲಿ ದೊಡ್ಡ ಅಂತರವು ಉಳಿಯುವದಿಲ್ಲ. ಚಂದಾ ಕೊಟ್ಟು ನೋಡುವ ಸಿನಿಮಾಗಳಷ್ಟೇ ಸಾಕೆನ್ನುವ ಗೃಹಸ್ಥರಿಗೆ ನಾವು ಈ ಎರಡನ್ನೂ ಹೇಳುವದಿಲ್ಲ. ಮೂರು ನಾಲ್ಕು ಸಾವಿರದ, ಟಿ.ವಿ.ಗೆ ಸಿಕ್ಕಿಸುವ ಕಡ್ಡಿಯು ಅವರಿಗೆ ಯೋಗ್ಯವು. ಆ ಸಂಸ್ಥೆಗಳು ತಮ್ಮ ಬೀಗಮುದ್ರೆಯ ಕಾರಣದಿಂದ ನಮ್ಮಂಥ ಮನೆಕಟ್ಟಿನ ಯಂತ್ರಗಳಿಗೆ ಪೂರ್ಣ ಸ್ಪಷ್ಟತೆಯ ಚಿತ್ರವನ್ನು ಕೊಡದಿರುವದುಂಟು. ಕೋಡಿಯು ಬರಿಯ ಪಾತ್ರೆ. ಅದರೊಳಗೆ ಕದ್ದ ಚಿತ್ರಗಳನ್ನು ತುಂಬಿಕೊಡುವೆವೆಂದು ಬರುವವರನ್ನು ಬಾಗಿಲಲ್ಲಿಯೇ ನಿಲ್ಲಿಸಬೇಕು. 1957ರ ಕೃತಿಸ್ವಾಮ್ಯದ ಕಾಯದೆಯ ಮೇರೆಗೆ ಚಲನಚಿತ್ರದ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ನಡೆಯುವದು. ಹಣ ಉಳಿಸುವದು ಗುಣವು, ಕದಿಯುವದು ಗುಣವಲ್ಲ.

ಮೊದಲನೆಯ ಸಂಜೆ 1954ರ ‘ಬೇಡರ ಕಣ್ಣಪ್ಪ’ನನ್ನು ನೋಡಲು ಎಲ್ಲರೂ ಕೂಡಿದೆವು. ಚಿತ್ರದ ನಾಲ್ಕು ಅಂಚುಗಳೂ ಕತ್ತರಿಸಿದಂತೆ ಕಂಡವು. ಶೀರ್ಷಿಕೆಯ ಅಕ್ಷರಗಳು ಅರ್ಧರ್ಧ ಮಾಯವಾಗಿದ್ದವು. ಹಳೆಯ ಟಿ.ವಿ.ಗಳು ಚಿತ್ರವನ್ನು ತುಸು ಹಿಗ್ಗಿಸಿ ತೋರುವ ರೂಢಿಯುಳ್ಳವಾದ್ದರಿಂದ ಹೀಗಾಗುವದಂತೆ. ಟಿ.ವಿ.ಯ ಪಟ್ಟಿಯಲ್ಲಿ ಚಿತ್ರದ ಅಳತೆಯನ್ನು ಇದ್ದುದಿದ್ದಂತೆ ತೋರಿಸುವ ಆಯ್ಕೆಗೆ ತಿರುಗಿಸಲು ಸರಿಹೋಯಿತು. ಮರುದಿನ ಈಚಿನ ಚಿತ್ರವೊಂದನ್ನು ಹಾಕಿದರೆ ವಾದ್ಯಗಳು ಗರ್ಜಿಸುತ್ತವೆ, ಮಾತುಗಳು ಮಾತ್ರ ಕೇಳಿಸುವದಿಲ್ಲ! ನಮ್ಮ ಕಿವಿಗೆ ಮುಪ್ಪು ಬಂದಿತೆಂದು ನಾವು ಒಳಗೊಳಗೇ ಅಂಜಿದೆವು. ಆದರೆ ದೋಷವು ಕಿವಿಯದಾಗಿರಲಿಲ್ಲ. ಈಚಿನ ಚಿತ್ರಗಳಲ್ಲಿ ಧ್ವನಿಯು ಆರು ಎಳೆಗಳಲ್ಲಿರುವದು. ಮಾತುಗಳು ಬಹುಮಟ್ಟಿಗೆ ನಡುವಿನ ಎಳೆಯಲ್ಲಿರುವವು. ನಮ್ಮಲ್ಲಿರುವವು ಎರಡೇ ಧ್ವನಿಪೆಟ್ಟಿಗೆಗಳು. ಆದರೆ ಯಂತ್ರವು ಆರಿವೆಯೆಂದು ನಂಬಿ, ನಡುವಿನ ಎಳೆಯನ್ನು ಇಲ್ಲದ ಪೆಟ್ಟಿಗೆಗೆ ಕಳುಹಿಸುತ್ತಿತ್ತು. ಧ್ವನಿಯ ಎಳೆಗಳು ಎರಡೇ ಎಂದು ಯಂತ್ರಕ್ಕೆ ತಿಳಿಸಿದ ಕೂಡಲೆ ಮಾತುಗಳು ಮುಂದಕ್ಕೆ ಬಂದವು. ಟಿ.ವಿ.ಯ ಸ್ವಂತ ಧ್ವನಿಯು ಹಿಂಬದಿಯ ಗೋಡೆಗೆ ಹೊಡೆದು ಮಸುಕಾಗುತ್ತಿದ್ದುದರಿಂದ, ಅಟ್ಟದ ಮೇಲಿದ್ದ ಹಳೆಯ ಟೇಪ್‌ರೆಕಾರ್ಡರಿನ ಎರಡು ಧ್ವನಿಪೆಟ್ಟಿಗೆಗಳನ್ನು ಕುಳಿತವರ ಕಿವಿಯ ಎತ್ತರಕ್ಕೆ ಇಟ್ಟು ಜೋಡಿಸಿದೆವು. ಇದಕ್ಕೆ ತಗುಲಿದ ವೆಚ್ಚವು ಒಂದು ತಂತಿಯ ಬೆಲೆ ಮಾತ್ರ. ವಿದ್ಯುತ್ತಿನ ಮಾತಿಗೆ ಬಂದರೆ, ಇಂಥ ಪುಟ್ಟ ಯಂತ್ರವು 20 ವ್ಯಾಟಿನಷ್ಟು ಬಳಸುವದೆಂದು ಹಿಡಿದು ದಿನಕ್ಕೆ ನಾಲ್ಕು ತಾಸು ನಡೆಸಿದರೆ ತಿಂಗಳಿಗೆ ಎರಡೂವರೆ ಯೂನಿಟ್ಟಿನೊಳಗೆ ಮುಗಿಯುವದು.

ಇಷ್ಟರವರೆಗೆ ನಮ್ಮ ಜಾಣತನದ ಕಥೆಯಾಯಿತು. ಇನ್ನು ದಡ್ಡತನದ್ದನ್ನು ಕೇಳಬೇಕು.

ಅಟ್ಟದ ಮೇಲೆ ಧ್ವನಿಪೆಟ್ಟಿಗೆಗಳ ಸಂಗಡ ಎರಡು ಕ್ಯಾಸೆಟ್ಟುಗಳು ಸಿಕ್ಕವು. 1987ರಲ್ಲಿ ನಮ್ಮ ಬಂಧುವೊಬ್ಬರು ಹೈದರಾಬಾದಿನಿಂದ ಬಂದಾಗ ನಮ್ಮ ಅಕ್ಕನು ಹಾಡಿದ ಬೀಸುವ ಕಲ್ಲಿನ ಪದಗಳನ್ನೂ, ತೊಟ್ಟಿಲ ಪದಗಳನ್ನೂ ಅವುಗಳಲ್ಲಿ ತುಂಬಿಕೊಂಡಿದ್ದರು. ಅಕ್ಕನು ನಮಗಿಂತ ಹದಿನೈದು ವರ್ಷ ಹಿರಿಯಳು. ನಮ್ಮನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. 1999ರಲ್ಲಿ ಅವಳು ತೀರಿಕೊಂಡಳು. ಅವಳ ಮೊಮ್ಮಗನು ಅಜ್ಜಿಯನ್ನು ಭಾವಚಿತ್ರದಲ್ಲಿ ಮಾತ್ರ ಕಂಡವನು, ದನಿಯನ್ನು ಕೇಳಿರಲಿಲ್ಲ. ಅವನು ತನ್ನ ಲ್ಯಾಪ್‌ಟಾಪಿಗೆ ಟೇಪ್‌ರೆಕಾರ್ಡರನ್ನು ಜೋಡಿಸಿ, ಕ್ಯಾಸೆಟ್ಟುಗಳನ್ನು ಓಡಿಸಿ, ಧ್ವನಿಯನ್ನೆಲ್ಲ ಅಂಕಿಗಳಾಗಿ ಬರೆದುಕೊಂಡನು. ಒಂದು ತಾಸಿನ ಧ್ವನಿಯು ಏನನ್ನೂ ಬಿಡದಂತೆ ಬರೆದರೆ ಸುಮಾರು 635 ಮೆಗಾಬೈಟು ಆಗುವದು. ಚಲನಚಿತ್ರಕ್ಕೆ ಹೋಲಿಸಿದರೆ ಇದು ಚಿಟಿಕೆಯಷ್ಟು. ಎರಡನೆಯ ಕ್ಯಾಸೆಟ್ಟು ಮುಗಿಯುವ ಹೊತ್ತಿಗೆ ಅದರ ನಾಡೆಯು ಉರುಳೆಗೆ ಸಿಕ್ಕು, ಸುಕ್ಕಾಗಿ, ನಾಲ್ಕಾರು ಕಡೆ ಹರಿದುಹೋಯಿತು. “ಹೋಗಲಿ, ಬರೆದುಕೊಂಡದ್ದು ಉಂಟಲ್ಲ,” ಎಂದು ನಾವು ಸಮಾಧಾನ ಹೇಳಿದೆವು. ಆ ರಾತ್ರಿ ಪಡಸಾಲೆಯಲ್ಲಿ ಅಕ್ಕನ ದನಿಯು ಕೇಳಿಸಿದಾಗ ಮನೆಯಲ್ಲಿ ಯಾರೂ ಫೋನನ್ನು ನೋಡಲಿಲ್ಲ. ಗೃಹಿಣಿಯವರು ಅವರೆಕಾಯಿ ಬಿಡಿಸುತ್ತಿದ್ದವರು ಕೈ ನಿಲ್ಲಿಸಿ, ಬರುವ ಸಾಲುಗಳಿಗೆ ತಾವೂ ದನಿಗೂಡಿಸಿದರು.

ಹುಡುಗನ ಲ್ಯಾಪ್‌ಟಾಪಿನಲ್ಲಿ ಸ್ಥಳವಿರಲಿಲ್ಲವಾಗಿ ಹಾಡುಗಳನ್ನು ಪಡಸಾಲೆಯ ಯಂತ್ರಕ್ಕೆ ಸಾಗಿಸಿ, ಅಲ್ಲಿಯವನ್ನು ಅಳಿಸಿದೆವು. ಯಂತ್ರದಲ್ಲಿ ಎಲ್ಲಿ ಇಟ್ಟೆವು? ಅದರೊಂದಿಗೆ ಬಂದಿದ್ದ ಹಳೆಯ ತಿರುಗುವ ಡಿಸ್ಕಿನಲ್ಲಿ! ಮಾರಿದವನು, “ಡಿಸ್ಕ್ ಹಳೆಯದು, ಅದರ ಹೊಣೆ ನನ್ನದಲ್ಲ,” ಎಂದು ಮೊದಲೇ ಹೇಳಿದ್ದನು. ಇದ್ದುದನ್ನು ಬಿಸಾಡುವದೇಕೆಂದು ನಾವೇ ಅದನ್ನು ಉಳಿಸಿಕೊಂಡೆವು. ಹುಡುಗನು ಎರಡು ಸಲ, “ಮುತ್ಯಾ, ಹೊರಗಿನದೊಂದು ಹೊಸಾ ಡಿಸ್ಕ್ ತಗೊಂಡು ಇನ್ನೊಂದು ಪ್ರತಿ ಇಡೋಣ್ರಿ,” ಎಂದನು. ನಾಲ್ಕೂವರೆ ಸಾವಿರವೆಂಬುದನ್ನು ಕೇಳಿ ನಾವು, ಮುಂದಿನ ಪಿಂಚಣಿ ಬರಲಿ, ದೀಪಾವಳಿಗೆ ಬೆಲೆ ಇಳಿಯಲಿ, ಎಂದು ಮುಂದೂಡಿದೆವು. ಮಳೆಗಾಲದ ಒಂದು ಸಂಜೆ ವಿದ್ಯುತ್ತು ನಾಲ್ಕೈದು ಸಲ ಹೋಗಿ ಬಂದಿತು. ಆ ಮೇಲೆ ಯಂತ್ರವನ್ನು ಎಬ್ಬಿಸಿದರೆ ಒಳಗಿನಿಂದ ಗಡಿಯಾರದಂತೆ ಕಟ್ ಕಟ್ ಎಂಬ ಸಪ್ಪಳ. ಡಿಸ್ಕು ಕಣ್ಣು ತೆರೆಯಲಿಲ್ಲ. ಮೊದಲನೆಯ ಕ್ಯಾಸೆಟ್ಟು ಗಟ್ಟಿಯಿದ್ದುದರಿಂದ ಅದನ್ನು ಮತ್ತೆ ಬರೆದುಕೊಂಡೆವು. ಎರಡನೆಯದರ ಹನ್ನೊಂದು ಪದಗಳು ಹೋದವು. ನಾಲ್ಕೂವರೆ ಸಾವಿರವನ್ನು ಉಳಿಸಲು ಹೋಗಿ ನಾವು ಕಳೆದುದರ ಬೆಲೆಯನ್ನು ಯಾವ ಪೇಟೆಯಲ್ಲಿಯೂ ಕಟ್ಟಲಾಗದು.

ನಾವು ಸಂಸ್ಕೃತವನ್ನೋದಿದವರೆಂದು ಹೆಮ್ಮೆಪಡುವವರು. ‘ಯೋಗಕ್ಷೇಮ’ವೆಂಬ ಶಬ್ದಕ್ಕೆ ತರಗತಿಯಲ್ಲಿ ನೂರು ಸಲ ಅರ್ಥ ಹೇಳಿದ್ದೇವೆ: ಇಲ್ಲದುದನ್ನು ಪಡೆಯುವದು ಯೋಗವು, ಪಡೆದುದನ್ನು ಕಾಯುವದು ಕ್ಷೇಮವು. ಮಾನಸೋಲ್ಲಾಸದ ಅರಸನ ತಂದೆಯಾದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಇದೇ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ‘ಮಿತಾಕ್ಷರಾ’ ಎಂಬ ಧರ್ಮಶಾಸ್ತ್ರದ ವ್ಯಾಖ್ಯಾನವನ್ನು ಬರೆದನು. ಮನೆತನದ ಆಸ್ತಿಯ ವಿಷಯದಲ್ಲಿ ದೇಶದ ಬಹುಭಾಗವು ಶತಮಾನಗಳವರೆಗೆ ಅದನ್ನೇ ಪ್ರಮಾಣವೆಂದು ನಡೆಯಿತು. ಅಣ್ಣತಮ್ಮಂದಿರು ಬೇರೆಯಾಗುವಾಗ ಪಾಲು ಮಾಡಬಾರದ ವಸ್ತುಗಳಲ್ಲಿ ಯೋಗಕ್ಷೇಮವನ್ನೂ ಆ ಶಾಸ್ತ್ರವು ಎಣಿಸಿರುವದು. ಹಿರಿಯರ ಹಾಡೂ ಅಂಥದೇ. ಹೊಲದಂತೆ ಅದನ್ನು ಗಜಕಡ್ಡಿಯಿಂದ ಅಳೆದು ಹಂಚಲಾಗದು. ಅಗ್ಗದ ಯಂತ್ರದಿಂದ ಯೋಗವು ನಮಗೆ ಸಿದ್ಧಿಸಿತ್ತು. ಕ್ಷೇಮಕ್ಕೆ ನಾವು ಕೈ ಬಿಗಿಹಿಡಿದೆವು. ನೋಡುವ ಯಂತ್ರವು ಕೆಟ್ಟರೆ ಇನ್ನೊಂದು ಬರುವದು, ಅಲ್ಲಿ ಮಿತವ್ಯಯವು ಶೋಭಿಸುವದು. ಕಾಯುವ ಕೋಶವು ಕೆಟ್ಟರೆ ಒಳಗಿನದು ಮರಳಿ ಬಾರದು, ಅಲ್ಲಿ ಮಿತವ್ಯಯವು ಕೃಪಣತೆಯೇ ಸರಿ. ಈ ಎರಡರ ಭೇದವನ್ನು ಅರಿಯದೆ ಹೋದದ್ದು ನಮ್ಮ ತಪ್ಪು.

ಆದಕಾರಣ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೇ. ಪಡಸಾಲೆಗೆ ಹಳೆಯ ಯಂತ್ರವನ್ನೇ ತನ್ನಿರಿ. ಆದರೆ ಅದರ ಹಳೆಯ ಡಿಸ್ಕನ್ನು ನಂಬಬೇಡಿರಿ. ಸಿನಿಮಾಗಳು ಎಲ್ಲಿಯಾದರೂ ಇರಲಿ; ಮನೆಯವರ ದನಿ, ಮದುವೆ ಮುಂಜಿಗಳ ಚಿತ್ರ, ಇವುಗಳ ಮೂರು ಪ್ರತಿಗಳಿರಲಿ: ಒಂದು ಯಂತ್ರದಲ್ಲಿ, ಇನ್ನೊಂದು ಯಂತ್ರದಿಂದ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟ ಹೊಸ ಡಿಸ್ಕಿನಲ್ಲಿ, ಮತ್ತೊಂದು ಬೇರೆ ಊರಿನ ಬಂಧುವಿನ ಮನೆಯಲ್ಲಿ. ವರ್ಷಕ್ಕೊಮ್ಮೆ, ಯುಗಾದಿಯ ದಿನವೇ ಆಗಲಿ, ಅವುಗಳನ್ನು ತೆರೆದು ಸರಿಯಿವೆಯೋ ಎಂದು ನೋಡಬೇಕು. ನಮ್ಮ ಕಡೆಯಂತೆ ವಿದ್ಯುತ್ತು ಹೋಗಿ ಬರುವ ಊರಾದರೆ ಸಣ್ಣದೊಂದು ಯು.ಪಿ.ಎಸ್. ಇರಲಿ. ಕ್ಯಾಸೆಟ್ಟುಗಳಿದ್ದವರು ಇಂದೇ ಕೈಹಚ್ಚಬೇಕು. ನಾಡೆಯು ನಮ್ಮ ದೀಪಾವಳಿಗಾಗಿ ಕಾಯುವದಿಲ್ಲ.

ಇನ್ನೊಂದು ಮಾತು ಉಳಿಯಿತು. ಡಿಸ್ಕು ಸತ್ತ ಮೂರನೆಯ ದಿನ ಹುಡುಗನು ತನ್ನ ಫೋನನ್ನು ತಂದು ನಮ್ಮ ಮುಂದೆ ಹಿಡಿದನು. ಅಂದು ರಾತ್ರಿ ಪಡಸಾಲೆಯಲ್ಲಿ ಹಾಡು ಕೇಳಿಸುತ್ತಿದ್ದಾಗ, ಆಯಿಯ ದನಿಯನ್ನು ಊರಿನಲ್ಲಿರುವ ತನ್ನ ತಂದೆಗೆ ಕಳುಹಿಸಲೆಂದು, ಎರಡನೆಯ ಕ್ಯಾಸೆಟ್ಟಿನ ಒಂದು ತೊಟ್ಟಿಲ ಪದವನ್ನು ಅವನು ಫೋನಿನಲ್ಲಿ ತುಂಬಿಕೊಂಡಿದ್ದನಂತೆ. ಅದು ಶುದ್ಧವಾದ ಪ್ರತಿಯಲ್ಲ. ಹಿನ್ನೆಲೆಯಲ್ಲಿ ಪಂಖದ ಸಪ್ಪಳವಿದೆ, ನಾವು ಕೆಮ್ಮಿದ್ದಿದೆ, ಕಡೆಯ ಸಾಲಿಗೆ ನಮ್ಮ ಗೃಹಿಣಿಯವರು ದನಿಗೂಡಿಸಿದ್ದೂ ಇದೆ. ಹನ್ನೊಂದರಲ್ಲಿ ಉಳಿದುದು ಅದೊಂದೇ. ನಾವು ಬೀಗ ಹಾಕಿ ಇಟ್ಟುಕೊಂಡದ್ದು ಹೋಯಿತು. ಅವನು ಹಂಚಿದ್ದು ಉಳಿಯಿತು. ಈಗ ಅದು ನಾಲ್ಕು ಮನೆಗಳಲ್ಲಿದೆ. ಹೊಲವನ್ನು ನಾಲ್ವರಿಗೆ ಹಂಚಿದರೆ ಒಬ್ಬೊಬ್ಬನಿಗೆ ಕಾಲುಭಾಗ. ಹಾಡನ್ನು ಹಂಚಿದರೆ ಎಲ್ಲರಿಗೂ ಪೂರ್ಣವೇ. ಹೊಸ ಡಿಸ್ಕನ್ನು ನಾವು ಮರುದಿನವೇ ತರಿಸಿದೆವು. ಪಿಂಚಣಿ ಬರಲು ಆಗ ಇನ್ನೂ ಹನ್ನೆರಡು ದಿನವಿತ್ತು. ಇತ್ಯಲಂ.